ಕಥಾಸಾರ ಬಿಟ್ಟು ಪುಟಕ್ಕೆ ಬನ್ನಿ: ಶೈಲಿ, ಪಾತ್ರ, ಭಾವ ಬಿಡಿಸುವ ಕ್ರಮ

ಭಾನುವಾರ ಬೆಳಗ್ಗೆ ಬಸವನಗುಡಿಯ ನಮ್ಮ ಮನೆ ಮಹಡಿಯಲ್ಲಿ ಹತ್ತು ಹನ್ನೆರಡು ಜನ ಕೂತು ಓದುತ್ತೇವೆ. ವೈಟ್‌ಫೀಲ್ಡಿನಿಂದ ಮೆಟ್ರೊ ಹಿಡಿದು ಬರುವ ಸಾಫ್ಟ್‌ವೇರ್‌ನವರು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯ ಮಾಡಿಕೊಂಡು ಪರೀಕ್ಷೆಗೆ ಕೂತವರು, ಬಿ.ಎ. ಓದುವ ಹುಡುಗಿಯರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ತಿಂಗಳಿಗೊಮ್ಮೆ ಎಲ್ಲರೂ ಎರಡು ಪುಟ ಬರೆದು ತರಬೇಕು. ತಂದಿದ್ದರಲ್ಲಿ ಹೆಚ್ಚಿನವು ಹೀಗಿರುತ್ತವೆ: ‘ಕರ್ಣ ದಾನಶೂರ, ಸ್ವಾಮಿನಿಷ್ಠ, ದುರಂತ ನಾಯಕ. ಕವಿಯ ಶೈಲಿ ಸರಳ ಹಾಗೂ ಮನೋಜ್ಞ. ಈ ಭಾಗ ಓದುಗರ ಕಣ್ಣಲ್ಲಿ ನೀರು ತರಿಸುತ್ತದೆ.’

ಈ ಮೂರು ಮಾತನ್ನು ಪುಸ್ತಕ ತೆರೆಯದೆಯೂ ಬರೆಯಬಹುದು. ತೊಂದರೆ ಇರುವುದು ಅಲ್ಲೇ.

ಬರೆದವರಿಗೆ ಓದು ಕಡಿಮೆಯಲ್ಲ, ಬುದ್ಧಿಯೂ ಕಡಿಮೆಯಲ್ಲ. ಕ್ರಮ ತಲೆಕೆಳಗಾಗಿದೆ, ಅಷ್ಟೇ. ಭಾವದಿಂದ ಶುರುಮಾಡಿ, ಪಾತ್ರಕ್ಕೆ ನಾಲ್ಕು ವಿಶೇಷಣ ಅಂಟಿಸಿ, ಶೈಲಿಗೆ ಕೊನೆಯಲ್ಲೊಂದು ಸಾಲು ಬಿಸಾಕುತ್ತಾರೆ. ಇದನ್ನು ತಿರುಗಿಸಿ. ಮೊದಲು ಶೈಲಿ, ಶೈಲಿಯಿಂದ ಪಾತ್ರ, ಕಟ್ಟಕಡೆಗೆ ಭಾವ. ಪುಟದ ಮೇಲೆ ಕರ್ಣ ಇಲ್ಲ, ಕಣ್ಣೀರೂ ಇಲ್ಲ, ಪದಗಳಿವೆ. ಉಳಿದದ್ದೆಲ್ಲ ಆ ಪದಗಳಿಂದ ನಾವು ಕಟ್ಟಿಕೊಂಡದ್ದು. ಹೇಗೆ ಕಟ್ಟಿಕೊಂಡೆವು ಎಂದು ತೋರಿಸುವ ಕೆಲಸಕ್ಕೇ ವಿಶ್ಲೇಷಣೆ ಎಂದು ಹೆಸರು.

ಉದ್ದಕ್ಕೂ ಒಂದೇ ಉದಾಹರಣೆ ಹಿಡಿದು ಹೋಗುತ್ತೇನೆ: ಕುಮಾರವ್ಯಾಸ ಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುವ ಭಾಗ. ಹತ್ತನೇ ತರಗತಿಯ ಪಠ್ಯದಲ್ಲಿ ಓದಿ ಬಾಯಿಪಾಠ ಮಾಡಿದವರು ನಿಮ್ಮಲ್ಲೇ ಬೇಕಾದಷ್ಟು ಜನ ಇರುತ್ತೀರಿ. ಗೊತ್ತಿದೆ ಅಂದುಕೊಂಡ ಪುಟದಲ್ಲೇ ಜನ ಹೆಚ್ಚು ಜಾರುವುದರಿಂದ ಇದನ್ನೇ ಆರಿಸಿದೆ. ನಡುನಡುವೆ ಹೊಸ ಗದ್ಯಕ್ಕೂ ಹೋಗಿಬರೋಣ.

ಬೇಕಾದ ಸಾಮಾನು

ಆರಿಸಿದ ಭಾಗದ ಜೆರಾಕ್ಸ್, ಕೊಂಚ ದೊಡ್ಡದು ಮಾಡಿಸಿದ್ದು, ಎರಡೂ ಬದಿ ಖಾಲಿ ಜಾಗ ಇರುವ ಹಾಗೆ. ಮೂರು ಬಣ್ಣದ ಪೆನ್ಸಿಲ್. ಒಂದು ನೋಟ್‌ಬುಕ್. ಫೋನಿನಲ್ಲಿ ಓದಿ ಫೋನಿನಲ್ಲೇ ಗುರುತು ಹಾಕುತ್ತೇನೆ ಎನ್ನುವವರು ಮೂರನೇ ವಾರಕ್ಕೆ ಜೆರಾಕ್ಸ್ ಅಂಗಡಿಗೇ ಬರುತ್ತಾರೆ, ನಾನು ಏನೂ ಹೇಳುವುದಿಲ್ಲ.

ನಿಘಂಟು ಬೇಕೇಬೇಕು. ಹಳೆಯ ಕಾವ್ಯಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟೇ ಗತಿ. ಮನೆಯಲ್ಲಿ ಇಲ್ಲದಿದ್ದರೆ ಚಾಮರಾಜಪೇಟೆಯ ಪರಿಷತ್ತಿಗೋ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೋ ಅರ್ಧ ದಿನ ಇಟ್ಟುಕೊಳ್ಳಿ. 1894ರ ಕಿಟೆಲ್ ನಿಘಂಟೂ ಇಂದಿಗೂ ಕೆಲಸಕ್ಕೆ ಬರುತ್ತದೆ. ಒಂದು ಪದ ಬೇರೆ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ಕುಮಾರವ್ಯಾಸನಿಗೆ ವಿಕಿಸೋರ್ಸ್, ವಚನಗಳಿಗೆ ‘ವಚನ ಸಂಚಯ’ ಜಾಲತಾಣ ಸಾಕು.

ಬೇಡದ ಸಾಮಾನು: ಗೈಡು, ಮುನ್ನುಡಿ, ಯೂಟ್ಯೂಬ್ ಪ್ರವಚನ. ಕೆಲಸ ಮುಗಿದ ಮೇಲೆ ಓದಿ. ಮೊದಲೇ ಓದಿದರೆ ಅವರ ಕಣ್ಣು ನಿಮ್ಮ ಮುಖಕ್ಕೆ ಅಂಟಿಕೊಂಡುಬಿಡುತ್ತದೆ.

ಹಂತ 1: ಒಂದು ಪುಟ, ಹೆಚ್ಚಲ್ಲ

ಕಾವ್ಯವಾದರೆ ಎರಡರಿಂದ ಎಂಟು ಪದ್ಯ. ಗದ್ಯವಾದರೆ ಒಂದು ಪುಟ. ಏನಾದರೂ ತಿರುಗುವ ಜಾಗ ಆರಿಸಿ: ಒಬ್ಬರು ಒಳಗೆ ಬಂದರು, ಗುಟ್ಟು ರಟ್ಟಾಯಿತು, ಮಾತು ನಿಂತುಹೋಯಿತು. ‘ಇಡೀ ಕಾದಂಬರಿಯಲ್ಲಿ ನಾಯಕನ ಪಾತ್ರಚಿತ್ರಣ’ ಎಂದು ಹೊರಟರೆ ಕಥಾಸಾರದ ಹಳ್ಳಕ್ಕೆ ಬೀಳುವುದು ಖಾತ್ರಿ.

ಹಂತ 2: ಮೂರು ಓದು

ಮೊದಲನೆಯದು ಜೋರಾಗಿ. ಕುಮಾರವ್ಯಾಸನನ್ನು ಗಮಕಿಗಳ, ಅಂದರೆ ಕಾವ್ಯವನ್ನು ರಾಗವಾಗಿ ಓದುವವರ, ಬಾಯಲ್ಲಿ ಕೇಳುತ್ತ ಬಂದ ನಾಡು ಇದು. ಕಣ್ಣಿನಲ್ಲಷ್ಟೇ ಓದಿದರೆ ಅರ್ಧ ಹೋಯಿತು. ಹಾಡಬೇಕಿಲ್ಲ. ಅವನು ಬಳಸಿದ ಆರು ಸಾಲಿನ ಪದ್ಯ, ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ನಡಿಗೆ ಕಿವಿಗೆ ಬಿದ್ದರೆ ಸಾಕು. ಗದ್ಯವನ್ನೂ ಜೋರಾಗಿಯೇ ಓದಿ. ಎಲ್ಲಿ ಉಸಿರು ಸಿಕ್ಕಿಕೊಂಡಿತೋ ಅಲ್ಲೊಂದು ಚುಕ್ಕೆ ಇಡಿ.

ಎರಡನೆಯ ಓದು ಅರ್ಥಕ್ಕೆ. ಪದ್ಯವನ್ನು ಬಿಡಿಸಿ, ಪದಗಳನ್ನು ಗದ್ಯದ ಕ್ರಮಕ್ಕೆ ಅನ್ವಯ ಮಾಡಿ, ಇಂದಿನ ಮಾತಿನಲ್ಲಿ ಬರೆದುಕೊಳ್ಳಿ.

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ
ಎನಗೆ ನಿಮ್ಮಡಿಗಳಲಿ ಸಮಸೇ
ವನೆಯೆ ದೇವ ಮುರಾರಿಯಂಜುವೆ
ನೆನಲು ತೊಡೆಸೋಂಕಿನಲಿ ಸಾರಿದು ಶೌರಿಯಿಂತೆಂದ

ಸೂರ್ಯನ ಮಗನ ಜೊತೆ ಮೈದುನ ಮೈದುನರ ಹಾಗೆ ಸರಸವಾಡಿ, ಕೃಷ್ಣ ಅವನನ್ನು ಹತ್ತಿರಕ್ಕೆ ಎಳೆದು ರಥದ ಪೀಠದಲ್ಲಿ ಕೂರಿಸಿಕೊಂಡ. ‘ನಿಮ್ಮ ಸರಿಸಮ ಕೂರುವುದೇ? ಅಂಜುತ್ತೇನೆ, ದೇವ’ ಎಂದ ಕರ್ಣ. ಆಗ ಕೃಷ್ಣ ತೊಡೆಗೆ ತೊಡೆ ಸೋಕುವಷ್ಟು ಹತ್ತಿರ ಸರಿದು ಹೀಗೆಂದ. ಇಷ್ಟು ಬರೆದುಕೊಂಡು ಪಕ್ಕಕ್ಕಿಡಿ. ಇದು ಸಾರಾಂಶ, ಉತ್ತರವಲ್ಲ. ಗುಂಪಿನಲ್ಲಿ ಮುಕ್ಕಾಲು ಮಂದಿ ಇಲ್ಲಿಗೇ ಪೆನ್ನು ಮುಚ್ಚುತ್ತಾರೆ.

ಮೂರನೆಯ ಓದು ಪೆನ್ಸಿಲ್ ಹಿಡಿದು. ಅದು ನಾಲ್ಕನೇ ಹಂತದಲ್ಲಿ. ಅದಕ್ಕೆ ಮುಂಚೆ ಒಂದು ಪ್ರಶ್ನೆ ಇತ್ಯರ್ಥವಾಗಬೇಕು.

ಹಂತ 3: ಹೇಳುತ್ತಿರುವವರು ಯಾರು?

ಲೇಖಕ ಎಂದು ಥಟ್ಟನೆ ಉತ್ತರಿಸಬೇಡಿ. ಮಾಸ್ತಿಯವರ ‘ಮೊಸರಿನ ಮಂಗಮ್ಮ’ದಲ್ಲಿ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಹೆಂಗಸಿನ ಕಥೆ ಹೇಳುವುದು, ಅವಳಿಂದ ವರ್ತನೆಯಾಗಿ ಮೊಸರು ಕೊಳ್ಳುವ ಮನೆಯಾಕೆ. ಬರೆದವರು ಗಂಡಸು, ಹೇಳುವವಳು ಹೆಂಗಸು. ಸೊಸೆಯ ಜೊತೆಗಿನ ಜಗಳ ಮೊದಲು ನಮಗೆ ಮುಟ್ಟುವುದು ಮಂಗಮ್ಮನ ಬಾಯಿಂದ, ಅದೂ ಈ ಮನೆಯಾಕೆಯ ಕಿವಿ ದಾಟಿ. ಎರಡು ಜರಡಿ. ‘ಸೊಸೆ ಜಗಳಗಂಟಿ’ ಎಂದು ನೀವು ಬರೆಯುವ ಮುಂಚೆ ಅದು ಯಾರ ಮಾತು ಎಂದು ಬದಿಯಲ್ಲಿ ಗುರುತು ಹಾಕಲೇಬೇಕು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಇದು ಇನ್ನೂ ತೀಕ್ಷ್ಣ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತ, ಹೆಸರೇ ಇಲ್ಲದ ಒಬ್ಬ ತನ್ನ ಮನೆಯ ಕಥೆ ಹೇಳುತ್ತಾನೆ. ಸೌಮ್ಯ ದನಿ, ಎಲ್ಲರನ್ನೂ ಅರ್ಥಮಾಡಿಕೊಂಡವನ ದನಿ. ಆ ದನಿಗೆ ಮರುಳಾದವರು ‘ನಿರೂಪಕ ಸಂವೇದನಾಶೀಲ’ ಎಂದು ಬರೆದು ತರುತ್ತಾರೆ. ಮನೆಯಲ್ಲಿ ಜಗಳ ನಡೆದಾಗ ಅವನು ಎಲ್ಲಿದ್ದ, ಏನು ಮಾಡಿದ, ಎಲ್ಲಿ ‘ನಾನು’ ಬಿಟ್ಟು ‘ನಾವು’ ಎಂದ ಎನ್ನುವುದನ್ನು ಒಂದು ಪಟ್ಟಿ ಮಾಡಿ ನೋಡಿ. ಆಮೇಲೆ ಆ ವಾಕ್ಯ ಬರೆಯಲು ಕೈ ಬರುವುದಿಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಕೂಡ ಇಲ್ಲೇ ಪರೀಕ್ಷೆ ಒಡ್ಡುತ್ತದೆ. ಕಾದಂಬರಿ ಶುರುವಾಗುವಾಗಲೇ ಅಗ್ರಹಾರದ ಬ್ರಾಹ್ಮಣ ನಾರಣಪ್ಪ ಸತ್ತಿದ್ದಾನೆ. ಅವನ ಬಗ್ಗೆ ನಮಗೆ ಗೊತ್ತಾಗುವುದೆಲ್ಲ ಬದುಕಿರುವವರ ನೆನಪು, ಹೊಟ್ಟೆಕಿಚ್ಚು, ಭಯಗಳಿಂದ. ‘ನಾರಣಪ್ಪ ಬಂಡಾಯದ ಸಂಕೇತ’ ಎಂದು ಒಂದೇ ಏಟಿಗೆ ಬರೆದರೆ ಅಗ್ರಹಾರದವರ ಮಾತನ್ನೇ ನಂಬಿದ ಹಾಗಾಯಿತು.

ಹಂತ 4: ಶೈಲಿ, ಮೂರು ಪೆನ್ಸಿಲಿನಲ್ಲಿ

‘ಶೈಲಿ ಸರಳ’, ‘ಶೈಲಿ ಕಾವ್ಯಾತ್ಮಕ’ ಎನ್ನುವ ಮಾತು ಇಲ್ಲಿಗೆ ನಿಷಿದ್ಧ. ಮೂರು ವಸ್ತು ಹುಡುಕಿ, ಬೇರೆ ಏನೂ ಬೇಡ.

ಮೊದಲ ಬಣ್ಣ ಕ್ರಿಯಾಪದಕ್ಕೆ. ಮೇಲಿನ ಪದ್ಯದಲ್ಲಿ ಎಸಗಿ, ಬರಸೆಳೆದು, ಕುಳ್ಳಿರಿಸಿದನು, ಸಾರಿದು, ಎಂದ: ಅಷ್ಟೂ ಕೃಷ್ಣನವು. ಕರ್ಣನ ಪಾಲಿಗೆ ಬಂದದ್ದು ಒಂದು ‘ಅಂಜುವೆನ್’ ಮತ್ತು ಅದನ್ನು ಹೇಳಿದ ‘ಎನಲು’, ಅಷ್ಟೇ. ಅವನನ್ನು ಎಳೆಯಲಾಗಿದೆ, ಕೂರಿಸಲಾಗಿದೆ. ಯಾರು ಮಾಡುವವನು, ಯಾರು ಮಾಡಿಸಿಕೊಳ್ಳುವವನು ಎನ್ನುವುದು ಬಣ್ಣ ಹಚ್ಚಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಈಗ ಮುಂದಿನ ಪದ್ಯ:

ಭೇದವಿಲ್ಲೆಲೆ ಕರ್ಣ ನಿಮ್ಮೊಳು
ಯಾದವರು ಕೌರವರೊಳಗೆ ಸಂ
ವಾದಿಸುವಡನ್ವಯಕೆ ಮೊದಲೆರಡಿಲ್ಲ ನಿನ್ನಾಣೆ
ಮೇದಿನೀಪತಿ ನೀನು ಚಿತ್ತದೊ
ಳಾದುದರಿವಿಲ್ಲೆನುತ ದಾನವ
ಸೂದನನು ರವಿಸುತನ ಕಿವಿಯಲಿ ಬಿತ್ತಿದನು ಭಯವ

ಯಾದವರಿಗೂ ಕೌರವರಿಗೂ ಭೇದವಿಲ್ಲ, ವಂಶದ ಮೂಲ ಒಂದೇ, ನೀನೇ ಭೂಮಿಗೆ ಒಡೆಯ, ನಿನಗದರ ಅರಿವಿಲ್ಲ ಎನ್ನುತ್ತಾನೆ ಕೃಷ್ಣ. ಕೊನೆಯ ಸಾಲಿನ ಕ್ರಿಯಾಪದದ ಮೇಲೆ ಬೆರಳಿಡಿ. ಹೇಳಿದನು ಅಲ್ಲ, ಉಸುರಿದನು ಅಲ್ಲ, ಬಿತ್ತಿದನು. ಬಿತ್ತಿದ್ದು ಆ ಕ್ಷಣ ಕಾಣುವುದಿಲ್ಲ, ಆಮೇಲೆ ಮೊಳೆಯುತ್ತದೆ. ಕೇಳಿಸಿದ್ದು ಸಿಹಿಸುದ್ದಿ, ನೀನೇ ಭೂಮಿಗೆ ಒಡೆಯ ಎಂದು. ಬಿದ್ದ ಬೀಜ ಭಯದ್ದು. ಎರಡು ಪದ್ಯದ ಜಾಗಗಳನ್ನೂ ಸಾಲಾಗಿ ಬರೆದುಕೊಳ್ಳಿ: ರಥ, ಪೀಠ, ತೊಡೆ, ಕಿವಿ. ಅಂತರ ಕಡಿಮೆಯಾಗುತ್ತಲೇ ಹೋಗಿ ಕೊನೆಗೆ ಕಿವಿಯ ತೂತಿನಲ್ಲಿ ನಿಂತಿದೆ. ಈ ಆತ್ಮೀಯತೆಗೆ ಒಂದು ಕೆಲಸ ಇದೆ ಎಂದು ನಾವು ಊಹಿಸಬೇಕಿಲ್ಲ, ಕವಿ ಪದದಲ್ಲೇ ಇಟ್ಟಿದ್ದಾನೆ. ಕೃಷ್ಣನ ಮಾತಿನ ಮೊದಲ ಪದವನ್ನೂ ಬಿಡಬೇಡಿ: ‘ಭೇದವಿಲ್ಲ’. ವ್ಯತ್ಯಾಸವಿಲ್ಲ ಎಂಬುದು ನೇರ ಅರ್ಥ. ಆದರೆ ಸಾಮ, ದಾನ, ಭೇದ, ದಂಡ ಎಂದು ರಾಜನೀತಿಯ ನಾಲ್ಕು ಉಪಾಯಗಳಲ್ಲಿ ಭೇದವೂ ಒಂದು. ಭೇದವಿಲ್ಲ ಎನ್ನುತ್ತಲೇ ಅವನು ಮಾಡುತ್ತಿರುವುದು ಅದನ್ನೇ.

ಎರಡನೆಯ ಬಣ್ಣ ಸಂಬೋಧನೆಗೆ ಮತ್ತು ಮರ್ಯಾದೆಗೆ. ಇಂಗ್ಲಿಷ್ ವಿಮರ್ಶೆಯ ಪುಸ್ತಕ ಹಿಡಿದು ಕನ್ನಡ ಓದುವವರು ತಪ್ಪಿಸಿಕೊಳ್ಳುವುದು ಇದನ್ನೇ. ನಮ್ಮಲ್ಲಿ ಒಂದು ಕ್ರಿಯಾಪದದ ಬಾಲವೇ ಸಂಬಂಧ ಹೇಳಿಬಿಡುತ್ತದೆ. ಗುಂಪಿನ ಅಭ್ಯಾಸಕ್ಕೆಂದು ನಾನೇ ಬರೆದ ಒಂದು ತುಣುಕು ನೋಡಿ:

‘ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಮ್ಮ ತಟ್ಟೆ ಹಾಕಿದಳು. ಅಣ್ಣನ ಫೋನ್ ಬಂತಾ ಎಂದೆ. ಅಪ್ಪ ಗೋಡೆಯ ಗಡಿಯಾರ ನೋಡಿದರು. ಅದು ನಿಂತು ಮೂರು ದಿನವಾಗಿತ್ತು. ಇನ್ನೂ ಹೊತ್ತಿದೆ, ಊಟ ಆಮೇಲೆ ಎಂದರು. ಅಮ್ಮ ತಟ್ಟೆ ಎತ್ತಿ ಒಳಗಿಟ್ಟಳು.’

ಅಪ್ಪ ಬಂದರು, ಅಮ್ಮ ಹಾಕಿದಳು. ಬಹಳ ಮನೆಗಳಲ್ಲಿ ಇದು ರೂಢಿ, ಆದ್ದರಿಂದಲೇ ಕಣ್ಣಿಗೆ ಬೀಳುವುದಿಲ್ಲ. ಹೇಳುವವರಿಗೆ ಯಾರ ಹತ್ತಿರ ಸಲಿಗೆ, ಯಾರ ಹತ್ತಿರ ಅಂತರ ಎನ್ನುವುದು ಎರಡು ಪ್ರತ್ಯಯದಲ್ಲಿ ಮುಗಿದಿದೆ. ಇದೇ ಕಥೆಯ ಕೊನೆಯಲ್ಲಿ ‘ಅಪ್ಪ ಮಲಗಿದ’ ಎಂದು ಬಂದರೆ ಏನೋ ಮುರಿದಿದೆ ಎಂದೇ ಅರ್ಥ. ಆ ಒಂದು ಅಕ್ಷರದ ಮೇಲೆ ಒಂದು ಪುಟ ಬರೆಯಬಹುದು. ನೀನು ನೀವು ಆದದ್ದು, ‘ರೀ’ ಹೋಗಿ ಹೆಸರು ಬಂದದ್ದು, ‘ಕಣೋ’ ನಿಂತುಹೋದದ್ದು, ಊರ ಮಾತಾಡುತ್ತಿದ್ದವನು ಇದ್ದಕ್ಕಿದ್ದಂತೆ ಪುಸ್ತಕದ ಕನ್ನಡಕ್ಕೆ ಹೊರಳಿದ್ದು, ಎಲ್ಲಕ್ಕೂ ಬಣ್ಣ ಹಚ್ಚಿ.

ಈಗ ರಥಕ್ಕೆ ವಾಪಸು. ಮೊದಲ ಪದ್ಯದಲ್ಲಿ ಕರ್ಣನ ಬಾಯಲ್ಲಿ ‘ನಿಮ್ಮಡಿ’, ‘ದೇವ ಮುರಾರಿ’. ಕೆಲವು ಪದ್ಯ ದಾಟಿ ಅವನು ಉತ್ತರ ಕೊಡುವಾಗ:

ಮರುಳು ಮಾಧವ ಮಹಿಯ ರಾಜ್ಯದ
ಸಿರಿಗೆ ಸೋಲುವನಲ್ಲ ಕೌಂತೇ
ಯರು ಸುಯೋಧನರೆನಗೆ ಬೆಸಕೈವಲ್ಲಿ ಮನವಿಲ್ಲ
ಹೊರೆದ ದಾತಾರಂಗೆ ಹಗೆವರ
ಶಿರವನರಿದೊಪ್ಪಿಸುವೆನೆಂಬೀ
ಭರದೊಳಿರ್ದೆನು ಕೌರವೇಂದ್ರನ ಕೊಂದೆ ನೀನೆಂದ

ರಾಜ್ಯದ ಸಿರಿಗೆ ಸೋಲುವವನಲ್ಲ, ಸಾಕಿದ ಒಡೆಯನಿಗೆ ಹಗೆಗಳ ತಲೆ ಕಡಿದು ಒಪ್ಪಿಸುವ ಆವೇಶದಲ್ಲಿದ್ದೆ, ಕೌರವನನ್ನು ಕೊಂದೆ ನೀನು ಎನ್ನುತ್ತಾನೆ. ‘ನಿಮ್ಮಡಿ’ ಹೋಗಿ ‘ಮರುಳು ಮಾಧವ’ ಬಂದಿದೆ, ‘ನೀನು’ ಬಂದಿದೆ. ಇಲ್ಲಿ ಒಂದು ಜಾಗ್ರತೆ. ಹಳೆಯ ಕನ್ನಡದಲ್ಲಿ ದೇವರಿಗೂ ರಾಜನಿಗೂ ‘ನೀನು’ ಎನ್ನುವುದು ಸಹಜ, ಹಾಗಾಗಿ ಬರೀ ‘ನೀನು’ ಹಿಡಿದು ಅಗೌರವ ಎನ್ನಲಾಗದು. ಆದರೆ ಅದೇ ಬಾಯಿ ಹತ್ತು ನಿಮಿಷದ ಹಿಂದೆ ‘ನಿಮ್ಮಡಿ’ ಎಂದಿತ್ತು. ಆ ಇಳಿತ ಸಾಕ್ಷಿ.

ಮೂರನೆಯ ಬಣ್ಣ ಮರುಕಳಿಸುವ ಪದಕ್ಕೆ. ಮೇಲಿನ ಪದ್ಯಕ್ಕೆ ತುಸು ಮುಂಚೆ ಕರ್ಣ ಸುಮ್ಮನಾದಾಗ ಕೃಷ್ಣ ಕೇಳುತ್ತಾನೆ: ‘ಮೌನವೇತಕೆ ಮರುಳುತನ ಬೇಡ’. ಮರುಪದ್ಯದ ಮೊದಲ ಪದವಾಗಿ ಕರ್ಣ ಅದನ್ನೇ ಎತ್ತಿ ವಾಪಸು ಎಸೆಯುತ್ತಾನೆ: ‘ಮರುಳು, ಮಾಧವ!’ ಮರುಳು ಅಂಟುವುದು ಕೃಷ್ಣನಿಗೋ ಅವನ ಆಮಿಷಕ್ಕೋ ಎಂದು ತರ್ಕ ಮಾಡಬಹುದು, ಎರಡೂ ನಿಲ್ಲುತ್ತದೆ. ಪದ ಯಾರ ಬಾಯಿಂದ ಬಂದು ಯಾರಿಗೆ ತಿರುಗಿತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಹಾಗೆಯೇ ಆಣೆ: ಮೊದಲು ‘ನಿನ್ನಾಣೆ’, ಆಮೇಲೆ ಇದೇ ಕೃಷ್ಣ ‘ಎನ್ನಾಣೆ’ ಎನ್ನುತ್ತಾನೆ. ಮಾತು ನಾಟುತ್ತಿಲ್ಲ ಎಂದಾಗ ಆಣೆ ಬದಲಾಗಿದೆ.

ಈ ಹಂತದ ಎರಡು ಗುಂಡಿಗಳು

ಒಂದಕ್ಕೆ ನಾನೇ ಬಿದ್ದಿದ್ದೆ. ಎಂ.ಎ. ಓದುವಾಗ ‘ಸಮಸೇ / ವನೆಯೆ’ ಎಂದು ಪದ ಸಾಲಿನ ಕೊನೆಗೆ ಮುರಿದದ್ದು ನೋಡಿ, ‘ಅಂಜಿದ ಕರ್ಣ ತೊದಲುತ್ತಿದ್ದಾನೆ’ ಎಂದು ಒಂದೂವರೆ ಪುಟ ಬರೆದುಕೊಂಡು ಹೋಗಿದ್ದೆ. ಮೇಷ್ಟ್ರು ಓದಿ, ಕನ್ನಡಕ ತೆಗೆದು, ‘ಹಾಗಾದರೆ ಮೈದುನ / ತನದ ಅನ್ನೋ ಕಡೆ ತೊದಲ್ತಿರೋದು ಯಾರಪ್ಪ?’ ಎಂದರು. ಷಟ್ಪದಿಯಲ್ಲಿ ಪದ ಸಾಲು ದಾಟುವುದು ದಿನನಿತ್ಯದ ಸಂಗತಿ. ಛಂದಸ್ಸು ಮಾಡಿಸಿದ್ದನ್ನು ಪಾತ್ರದ ತಲೆಗೆ ಕಟ್ಟಬಾರದು.

ಇನ್ನೊಂದು ಪ್ರಾಸ. ಮೊದಲ ಪದ್ಯದ ಆರೂ ಸಾಲಿನ ಎರಡನೇ ಅಕ್ಷರ ನಕಾರ, ಎರಡನೇ ಪದ್ಯದಲ್ಲಿ ದಕಾರ. ‘ಇನತನೂಜ’, ‘ದಾನವಸೂದನ’ ಎಂಬ ಹೆಸರುಗಳನ್ನು ತಂದದ್ದರಲ್ಲಿ ಪ್ರಾಸದ ಪಾಲೂ ಇದೆ. ಸೂರ್ಯನ ಮಗ ಎಂದು ಕರೆದು ಕವಿ ಮೊದಲೇ ಗುಟ್ಟು ಬಿಟ್ಟುಕೊಟ್ಟ ಎಂದು ಕುಣಿಯುವ ಮುಂಚೆ, ಬೇರೆ ಪರ್ವಗಳಲ್ಲೂ ಹಾಗೆ ಕರೆಯುತ್ತಾನೋ ಹುಡುಕಿ. ಎಲ್ಲೆಲ್ಲೂ ಕರೆಯುತ್ತಾನೆ. ಎಲ್ಲೆಲ್ಲೂ ಇರುವುದು ಇಲ್ಲಿಗೆ ವಿಶೇಷ ಸಾಕ್ಷಿಯಾಗದು. ‘ಬಿತ್ತಿದನು’ ಸಾಲಿನ ನಡುವೆ ಇದೆ, ಪ್ರಾಸದ ಒತ್ತಾಯ ಅದರ ಮೇಲಿಲ್ಲ. ಅದಕ್ಕೇ ಅದರ ಮೇಲೆ ಭಾರ ಹೇರಬಹುದು ಎಂದದ್ದು.

ಹಂತ 5: ಪಾತ್ರ, ಅಂದರೆ ಬಿರುಕು

ನೋಟ್‌ಬುಕ್ಕಿನ ಒಂದು ಪುಟಕ್ಕೆ ಮೂರು ಅಂಕಣ ಎಳೆಯಿರಿ. ಪಾತ್ರ ಮಾಡಿದ್ದು. ಪಾತ್ರ ಆಡಿದ್ದು. ಬೇರೆಯವರು ಅದರ ಬಗ್ಗೆ ಅಂದದ್ದು. ಮೂರೂ ಒಂದಕ್ಕೊಂದು ಹೊಂದಿದರೆ ಅಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಪಾತ್ರ ಉಸಿರಾಡುತ್ತಿದೆ.

ಕರ್ಣನ ಮೂರನೇ ಅಂಕಣದಲ್ಲಿ ಲೋಕವೆಲ್ಲ ಸೇರಿ ಬರೆದದ್ದು ‘ದಾನಿ’. ಈ ಪುಟದ ಎರಡನೇ ಅಂಕಣ ನೋಡಿ. ಅವನ ಸ್ವಂತ ಬಾಯಲ್ಲಿ ‘ದಾತಾರ’ ಎಂಬ ಪದ ಬರುತ್ತದೆ, ಆದರೆ ದುರ್ಯೋಧನನಿಗೆ. ‘ಹೊರೆದ ದಾತಾರ’, ಸಾಕಿದ ಕೊಡುಗೈ. ಈ ಪುಟದ ಕರ್ಣ ಕೊಡುವವನಲ್ಲ, ಪಡೆದವನು. ಪಡೆದದ್ದನ್ನು ತೀರಿಸಲಾಗದೆ ಸಿಕ್ಕಿಕೊಂಡವನು. ‘ದಾನಶೂರ’ ಎಂದು ಶುರುಮಾಡಿದ್ದ ಉತ್ತರಪತ್ರಿಕೆ ಇದನ್ನು ಕಾಣಲೇ ಇಲ್ಲ, ಯಾಕೆಂದರೆ ವಿಶೇಷಣ ಮೊದಲೇ ಬಂದು ಬಾಗಿಲು ಹಾಕಿಕೊಂಡಿತ್ತು.

‘ಭೇದವಿಲ್ಲ’ ಮತ್ತು ‘ಮರುಳು ಮಾಧವ’ ಪದ್ಯಗಳ ನಡುವೆ ಕೃಷ್ಣ ಒಡ್ಡುವ ಆಸೆಯಲ್ಲೂ ಒಂದು ಚುಚ್ಚುಮಾತಿದೆ: ದುರ್ಯೋಧನ ಮಾತಾಡಿಸಿದಾಗ ‘ಜೀಯ ಹಸಾದ’ (ಒಡೆಯಾ, ಮಹಾಪ್ರಸಾದ) ಎನ್ನುವುದು ನಿನಗೆ ಕಷ್ಟ ಎನ್ನುತ್ತಾನೆ. ಅಂದರೆ ಕರ್ಣನ ಋಣದ ಮಾತನ್ನೇ ಅವಮಾನದ ಮಾತು ಮಾಡಿ ತೋರಿಸುತ್ತಾನೆ. ಅದಕ್ಕೆ ಕರ್ಣನ ಉತ್ತರ ಸಿಂಹಾಸನ ಬೇಡ ಎನ್ನುವಷ್ಟಕ್ಕೆ ನಿಲ್ಲುವುದಿಲ್ಲ; ‘ಕೌರವೇಂದ್ರನ ಕೊಂದೆ ನೀನು’ ಎಂಬಲ್ಲಿಗೆ ಮುಟ್ಟುತ್ತದೆ. ಯಾರೂ ಇನ್ನೂ ಸತ್ತಿಲ್ಲ. ಯುದ್ಧ ಶುರುವಾಗಿಲ್ಲ. ಕ್ರಿಯಾಪದ ಮಾತ್ರ ಭೂತಕಾಲದಲ್ಲಿದೆ.

ನಮ್ಮ ಗಡಿಯಾರದ ತುಣುಕಿಗೂ ಇದೇ ಅಂಕಣ. ಅಪ್ಪ ಮಾಡಿದ್ದು: ನಿಂತ ಗಡಿಯಾರ ನೋಡಿದರು. ಆಡಿದ್ದು: ಇನ್ನೂ ಹೊತ್ತಿದೆ. ಕೇಳಿದ ಪ್ರಶ್ನೆಗೆ ಉತ್ತರ ಇಲ್ಲವೇ ಇಲ್ಲ. ಅಮ್ಮನ ಎರಡನೇ ಅಂಕಣ ಖಾಲಿ; ಅವಳದ್ದು ತಟ್ಟೆ ಹಾಕಿದ್ದು, ತಟ್ಟೆ ಎತ್ತಿದ್ದು, ಅಷ್ಟೇ. ಖಾಲಿ ಅಂಕಣವನ್ನೂ ಖಾಲಿ ಎಂದೇ ಬರೆದಿಡಿ, ಅದೂ ಸಾಕ್ಷಿ.

ಹಂತ 6: ಭಾವ ಯಾರದ್ದು?

ಈಗ, ಈಗಷ್ಟೇ, ಭಾವ. ಮೊದಲು ಭಾವವನ್ನು ಮೂರು ಪಾಲು ಮಾಡಿ: ಪಾತ್ರದ್ದು, ಹೇಳುವವರದ್ದು, ಓದುವ ನಿಮ್ಮದು. ಈ ಮೂರನ್ನು ಕಲಸಿದರೆ ಆಗುವ ಅನಾಹುತಕ್ಕೆ ಜನ್ನನ ‘ಯಶೋಧರ ಚರಿತೆ’ (1209) ಒಳ್ಳೆಯ ಮದ್ದು. ರಾತ್ರಿ ಕೇಳಿಬಂದ ಹಾಡಿಗೆ ರಾಣಿ ಅಮೃತಮತಿ ಸೋಲುತ್ತಾಳೆ. ಹಾಡಿದವನನ್ನು ನೋಡಿ ಬಾ ಎಂದು ದೂತಿಯನ್ನು ಕಳಿಸುತ್ತಾಳೆ. ಹಾಡಿದವನು ಕುರೂಪಿ ಮಾವುತ ಅಷ್ಟಾವಂಕ. ಅವನನ್ನು ಕಂಡು ದೂತಿಗೆ ಹೇಸಿಗೆ. ರಾಣಿಯ ಮನಸ್ಸು ಕದಲುವುದಿಲ್ಲ. ಒಬ್ಬನೇ ಮನುಷ್ಯ, ಒಂದು ಕಿವಿ, ಒಂದು ಜೊತೆ ಕಣ್ಣು. ಒಂದರಲ್ಲಿ ರತಿ, ಇನ್ನೊಂದರಲ್ಲಿ ಜುಗುಪ್ಸೆ. ‘ಈ ಭಾಗದ ರಸ ಯಾವುದು’ ಎಂದು ಕೇಳಿದರೆ ‘ಯಾರಿಗೆ’ ಎಂದು ಮರುಪ್ರಶ್ನೆ ಹಾಕುವ ಧೈರ್ಯ ಬೇಕು.

ಕಾವ್ಯಮೀಮಾಂಸೆಯ ಪರಿಭಾಷೆ ಇಲ್ಲಿ ಒಳ್ಳೆಯ ಹತಾರ, ಆದರೆ ಹಣೆಪಟ್ಟಿಯಾಗಿ ಬಳಸಿದರೆ ದಂಡ.

ವಿಭಾವ: ಭಾವ ಹುಟ್ಟಲು ಕಾರಣವಾದದ್ದು.
ಅನುಭಾವ: ಅದು ಮೈಯಲ್ಲಿ, ನಡೆಯಲ್ಲಿ ಕಂಡದ್ದು.
ಸಂಚಾರಿ: ನಡುವೆ ಬಂದುಹೋಗುವ ಸಣ್ಣ ಭಾವಗಳು. ನಾಟ್ಯಶಾಸ್ತ್ರ 33 ಎಣಿಸಿದೆ.

ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಒಮ್ಮೆ ಓದಿಟ್ಟುಕೊಂಡರೆ ಈ ಪದಗಳ ಭಯ ಹೋಗುತ್ತದೆ. ಈಗ ಗುಟ್ಟು ಕೇಳಿದ ಕರ್ಣನನ್ನು ಇದರಲ್ಲಿ ಹಿಡಿಯೋಣ:

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡು ನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ

ಕ್ರಮ ನೋಡಿ. ಮೊದಲು ಮೈ: ಕೊರಳಿನ ನರ ಉಬ್ಬಿತು, ಕಣ್ಣೀರು ನುಗ್ಗಿತು. ಆಮೇಲೆ ಕವಿಯ ಮಾತು: ಕಡು ನೊಂದ. ಕೊನೆಗೆ ಕಾರಣ. ಇಲ್ಲಿ ನಮ್ಮ ಗುಂಪಿನ ಎಲ್ಲರೂ ಒಮ್ಮೆಯಾದರೂ ಬರೆದದ್ದು: ‘ತಾನು ಕುಂತಿಯ ಮಗನೆಂದು ತಿಳಿದು ಕರ್ಣ ಅತ್ತ.’ ಪದ್ಯ ಹಾಗೆ ಹೇಳುತ್ತಿಲ್ಲ. ‘ಅಕಟಾ, ಕುರುಪತಿಗೆ ಕೇಡಾಯಿತು’ ಎನ್ನುತ್ತಿದೆ. ವಿಭಾವ ಹುಟ್ಟಿನ ಗುಟ್ಟೇ ಇರಬಹುದು, ನೋವು ತಿರುಗಿರುವ ದಿಕ್ಕು ಮಾತ್ರ ದುರ್ಯೋಧನ. ತಾಯಿ ಸಿಕ್ಕಳು, ತಮ್ಮಂದಿರು ಸಿಕ್ಕರು ಎಂಬ ಒಂದು ಪದವೂ ಈ ಮೂರು ಸಾಲಿನಲ್ಲಿಲ್ಲ. ‘ತನ್ನ ಮನದೊಳಗೆ’ ಎಂಬುದನ್ನೂ ಬಿಡಬೇಡಿ: ಕೊರಳು ಉಬ್ಬಿದೆ, ದನಿ ಹೊರಬಂದಿಲ್ಲ. ಅದಕ್ಕೇ ಕೃಷ್ಣ ‘ಮೌನವೇತಕೆ’ ಎಂದು ಕೇಳಬೇಕಾಗಿ ಬಂತು. ಕೊರಳ ಸೆರೆಗೂ ಆ ಪ್ರಶ್ನೆಗೂ ನೇರ ದಾರಿ ಇದೆ, ಪೆನ್ಸಿಲಿನಲ್ಲಿ ಗೆರೆ ಎಳೆದು ಕೂಡಿಸಿ.

ಹೊಸ ಗದ್ಯದಲ್ಲಿ ‘ನೊಂದ’ ಎಂಬ ಪದವೇ ಇಲ್ಲದಿರಬಹುದು. ಗಡಿಯಾರದ ತುಣುಕಿನಲ್ಲಿ ಭಾವವಾಚಕ ಪದ ಒಂದೂ ಇಲ್ಲ. ಅಲ್ಲಿ ಅನುಭಾವ ಮಾತ್ರ ಹಿಡಿದು ಹಿಂದಕ್ಕೆ ನಡೆಯಬೇಕು: ತಟ್ಟೆ, ಗಡಿಯಾರ, ತಟ್ಟೆ. ಆತಂಕ ಎಂದು ಬರೆಯಬಹುದೇ? ಬರೆಯಬಹುದು, ಆದರೆ ಅಪ್ಪನದ್ದು ಎಂದೋ ಅಮ್ಮನದ್ದು ಎಂದೋ ಹೇಳಿ. ನನ್ನ ಕೇಳಿದರೆ ಎರಡೂ ಬೇರೆ ಬೇರೆ ಆತಂಕ.

ಕೆಟ್ಟುಹೋಗುತ್ತಿದೆ ಎನ್ನುವ ಗುರುತುಗಳು

ನಿಮ್ಮ ಕರಡಿನಲ್ಲಿ ‘ಮನಮುಟ್ಟುವಂತೆ’, ‘ಹೃದಯಸ್ಪರ್ಶಿ’, ‘ಮನೋಜ್ಞ’ ಎರಡು ಸಲಕ್ಕಿಂತ ಹೆಚ್ಚು ಬಂದಿದ್ದರೆ ಆರನೇ ಹಂತಕ್ಕೆ ಹಾರಿಬಿಟ್ಟಿದ್ದೀರಿ ಎಂದರ್ಥ. ‘ಆಮೇಲೆ’, ‘ನಂತರ’, ‘ಕೊನೆಗೆ’ ಸಾಲುಗಟ್ಟಿದ್ದರೆ ಅದು ಕಥಾಸಾರ. ‘ಕವಿ ಇಲ್ಲಿ ಸಮಾಜಕ್ಕೆ ಸಂದೇಶ ನೀಡಿದ್ದಾರೆ’ ಎಂದು ಬಂದರೆ ಹಾಳೆ ಹರಿದು ಚಹಾ ಕುಡಿದು ಬನ್ನಿ. ಇಡೀ ಬರಹದಲ್ಲಿ ಉದ್ಧರಣ ಚಿಹ್ನೆ ಒಂದೂ ಇಲ್ಲವೇ? ಆ ಪುಟ ನೀವು ಓದಿಲ್ಲ, ನೆನಪಿಸಿಕೊಂಡಿದ್ದೀರಿ. ಇದಕ್ಕೆ ತದ್ವಿರುದ್ಧದ ಕಾಯಿಲೆಯೂ ಇದೆ: ಪ್ರತಿ ಅಲ್ಪವಿರಾಮಕ್ಕೂ ಅರ್ಥ ಹುಡುಕುವುದು. ಅದಕ್ಕೆ ಔಷಧಿ ಮೇಷ್ಟ್ರ ‘ಯಾರಪ್ಪ?’ ಪ್ರಶ್ನೆ. ಅದೇ ತರ್ಕ ಪಕ್ಕದ ಸಾಲಿಗೂ ಹೊಂದುತ್ತದೆಯೇ ನೋಡಿ.

ಹಂತ 7: ಬರೆಯುವುದು

ಕಂಡುಕೊಂಡ ಕ್ರಮದಲ್ಲೇ ಬರೆಯಬೇಕಿಲ್ಲ. ಪರೀಕ್ಷೆಗಾದರೆ ಮೊದಲ ವಾಕ್ಯದಲ್ಲೇ ನಿಮ್ಮ ನಿಲುವು ಇಡಿ, ಆಮೇಲೆ ಸಾಕ್ಷಿ. ಪ್ರತಿ ಪ್ಯಾರಾಕ್ಕೂ ಮೂರು ತುಂಡು: ಹೇಳಿಕೆ, ಪುಟದ ಪದ, ಆ ಪದ ಹೇಗೆ ಆ ಕೆಲಸ ಮಾಡುತ್ತದೆ ಎಂಬ ವಿವರಣೆ. ಮೂರನೇ ತುಂಡನ್ನೇ ಜನ ಮರೆಯುವುದು. ಉದ್ಧರಿಸಿ, ಅದು ತಾನೇ ಮಾತಾಡುತ್ತದೆ ಎಂದು ಬಿಟ್ಟುಬಿಡುತ್ತಾರೆ. ಅದು ಮಾತಾಡುವುದಿಲ್ಲ. ಹೀಗೆ ಬರೆಯಬಹುದು:

‘ಈ ಭಾಗದಲ್ಲಿ ಕರ್ಣನಿಗೆ ಸತ್ಯ ತಿಳಿಯುವುದೂ ಆಯುಧ ಕೈಜಾರುವುದೂ ಒಂದೇ ಕ್ಷಣ. ಕೃಷ್ಣ ಗುಟ್ಟನ್ನು ಹೇಳಿದನೆನ್ನದೆ “ಬಿತ್ತಿದನು ಭಯವ” ಎನ್ನುತ್ತಾನೆ ಕವಿ. ಆ ಬೀಜದ ಫಲವೇ “ಕೌರವೇಂದ್ರನ ಕೊಂದೆ ನೀನು”: ಯುದ್ಧಕ್ಕೆ ಮುಂಚೆಯೇ ಭೂತಕಾಲದಲ್ಲಿ ಬಂದ ಆ “ಕೊಂದೆ”ಯಲ್ಲಿ, ತನ್ನ ಕೈ ಇನ್ನು ಪಾಂಡವರ ಮೇಲೆ ಏಳದೆಂದು ಕರ್ಣ ಒಪ್ಪಿಕೊಂಡಂತಿದೆ.’

ಕೊನೆಯ ವಾಕ್ಯವನ್ನು ನೀವು ಒಪ್ಪದಿರಬಹುದು. ಮುಂದಿನ ಪದ್ಯಗಳಲ್ಲಿ ಅವನು ಯುದ್ಧಕ್ಕೆ ಸಿದ್ಧನೇ ಆಗುತ್ತಾನಲ್ಲ ಎಂದು ಬ್ಯಾಂಕಿನವರು ನನ್ನ ಜೊತೆ ಇನ್ನೂ ಜಗಳ ಆಡುತ್ತಿದ್ದಾರೆ. ಜಗಳ ಆಡಲು ಅವರ ಬೆರಳಿಗೆ ಒಂದು ಪದ ಸಿಕ್ಕಿದೆ, ಅಷ್ಟರಮಟ್ಟಿಗೆ ಪ್ಯಾರಾ ಸರಿಯಾಗಿದೆ.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ಬರಹದಲ್ಲಿ ಕರ್ಣ ಎಂದಿರುವ ಕಡೆಯೆಲ್ಲ ಭೀಷ್ಮ ಎಂದು ಹಾಕಿ ಓದಿ. ಯಾವ ವಾಕ್ಯ ಆಗಲೂ ಸರಾಗವಾಗಿ ನಿಲ್ಲುತ್ತದೋ ಅದನ್ನು ಹೊಡೆದುಹಾಕಿ. ‘ಸ್ವಾಮಿನಿಷ್ಠ’ ನಿಲ್ಲುತ್ತದೆ, ಹೊಡೆಯಿರಿ. ‘ದಾತಾರ ಎಂಬ ಪದವನ್ನು ತನಗಲ್ಲದೆ ದುರ್ಯೋಧನನಿಗೆ ಬಳಸುತ್ತಾನೆ’ ನಿಲ್ಲುವುದಿಲ್ಲ, ಇಟ್ಟುಕೊಳ್ಳಿ. ಹೋದ ತಿಂಗಳು ಬಿ.ಎ. ಹುಡುಗಿಯೊಬ್ಬಳು ಇದನ್ನು ಮಾಡಿದಾಗ ಎರಡು ಪುಟದಲ್ಲಿ ಉಳಿದದ್ದು ಐದು ವಾಕ್ಯ. ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಆ ಐದನ್ನು ಓದು ಎಂದೆ. ಓದಿದಳು, ನಾಲ್ಕನೆಯದಕ್ಕೆ ಬ್ಯಾಂಕಿನವರು ಪುಸ್ತಕ ತೆರೆದು ಸಾಲು ಹುಡುಕತೊಡಗಿದರು.